ನೀರು ಎಡಕ್ಕೆ ಬರುವ ದಾರಿ

ಜಲಾಶಯ ಎಡಗಡೆಗೇ ಬರುತ್ತದೆ ತಾನೇ? ಇಲ್ಲ, ಇಲ್ಲಿ ರಸ್ತೆ ಸೇತುವೆ ದಾಟುತ್ತದೆ; ದಾಟಿದ ಮೇಲೆ ನೀರು ಬಲಕ್ಕೆ ಹೋಗಿಬಿಡುತ್ತದಲ್ಲ? ಅವನು ಪ್ರವಾಸಕ್ಕೆಂದು ಹರಡಿದ್ದ ನಕ್ಷೆಯನ್ನು ತಿರುಗಿಸಿ, ಬೆರಳನ್ನೇ ಕಾರು ಮಾಡಿಕೊಂಡು ಮತ್ತೆ ಓಡಿಸಿದ. ಸೇತುವೆಗೆ ಮೊದಲೇ ಒಂದು ಸಣ್ಣ ರಸ್ತೆ ಕವಲೊಡೆದು ದಡ ಹಿಡಿದು ಸಾಗಿತ್ತು. ಹದಿನೆಂಟು ಕಿಲೋಮೀಟರ್ ಹೆಚ್ಚು. ಆದರೆ ಉದ್ದಕ್ಕೂ ನೀರು ಎಡಕ್ಕೆ. ಅದು ಬೆಳಗಿನ ಬಿಸಿಲನ್ನು ಮಡಿಲಲ್ಲಿಟ್ಟುಕೊಂಡು, ಬೆರಳ ಪಕ್ಕದಲ್ಲೇ ಮೆಲ್ಲಗೆ ಜೊತೆಗೆ ಬರುತ್ತಿರುವಂತೆ ಅನ್ನಿಸಿತು. ನೀರು ಮುಗಿದಲ್ಲಿ ಕಣಿವೆ, ಆಮೇಲೆ ಹುಲ್ಲುಗಾವಲು, ಕೊನೆಗೆ ರಾಷ್ಟ್ರೀಯ ಉದ್ಯಾನದ ಗೇಟು.

ಅಕ್ಕ ಕೂರುವುದು ಎಡಗಡೆ, ಕಾರು ಓಡಿಸುವ ಭಾವನ ಪಕ್ಕ.

ಅವನು ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವನು. ಹೋದ ತಿಂಗಳು ಅಕ್ಕ ಕಣ್ಣಿನ ಡಾಕ್ಟರ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕೌಂಟರಿನಲ್ಲಿ ಕೊಟ್ಟು, ಅವನಿಗೆ ಮುಖ ತೋರಿಸದೆ ಹೋಗಿದ್ದಳು. ಎಡಗಣ್ಣಿನ ಎದುರು ನಂಬರಿತ್ತು. ಬಲಗಣ್ಣಿನ ಎದುರು, ದೃಷ್ಟಿ ಇಲ್ಲ, ಮರಳುವುದಿಲ್ಲ ಎಂದು ಬರೆದಿತ್ತು. ಅವನು ಬಲಕ್ಕೆ ನಂಬರಿಲ್ಲದ ಬರೀ ಗಾಜನ್ನೇ, ಎಡಗಡೆಯದರಷ್ಟೇ ದಪ್ಪಕ್ಕೆ ಉಜ್ಜಿ ಕೂರಿಸಿದ. ಅವಳು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅವನೂ ಕೇಳಲಿಲ್ಲ. ಬಲಗಡೆಯಿಂದ ಯಾರಾದರೂ ಲೋಟ ಚಾಚಿದರೆ ಮಾತ್ರ ಅವಳು ಇಡೀ ಕತ್ತು ತಿರುಗಿಸುತ್ತಿದ್ದಳು. ಕತ್ತು ಹಿಡಿದುಕೊಂಡಿದೆ ಅನ್ನುತ್ತಿದ್ದಳು.

ಭಾವ ಬಂದು ನಕ್ಷೆಯ ಮೇಲೆ ಬಗ್ಗಿದ.

"ಏನಯ್ಯಾ ಇದು, ಎದುರಿಗಿರೋ ಮೂಗನ್ನ ತಲೆ ಸುತ್ತಿ ಹಿಡೀತಿದ್ದೀಯಾ?"

"ಚೆನ್ನಾಗಿರುತ್ತೆ ಭಾವ."

"ಇರ್ಲಿ ಬಿಡು. ಹೋಗ್ತಾ ಹೆದ್ದಾರಿ, ಬರ್ತಾ ಈ ದಾರಿ. ನೀರೇನು ಓಡಿಹೋಗಲ್ಲ."

ಬರುವಾಗ ಎಂದರೆ ಎಲ್ಲವೂ ಬಲಕ್ಕೆ. ಅಕ್ಕ ದಾರಿಯುದ್ದಕ್ಕೂ ಕತ್ತು ತಿರುಗಿಸಿಕೊಂಡೇ ಕೂರಬೇಕು, ಇಲ್ಲವೇ ಏನೂ ಕಾಣದೆ "ಎಷ್ಟು ಚಂದ" ಅನ್ನುತ್ತಿರಬೇಕು. ಅವಳು ಬಾಗಿಲಲ್ಲೇ ಬಟ್ಟೆ ಮಡಿಸುತ್ತ ನಿಂತಿದ್ದಳು. ಅವನು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

"ಬರ್ತಾ ಆದ್ರೆ ಬರೀ ಬಲ ತಿರುವು ಭಾವ. ಬಲಕ್ಕೆ ತಿರುಗಿದ್ರೆ ನಂಗೆ ವಾಂತಿ ಬರುತ್ತೆ."

"ಎಡಕ್ಕೆ ತಿರುಗಿದ್ರೆ?"

"ಬರಲ್ಲ."

ಭಾವ ಹೊಟ್ಟೆ ಹಿಡಿದುಕೊಂಡು ನಕ್ಕ. "ಕೇಳಿದ್ಯೇನೇ? ನಿನ್ನ ತಮ್ಮನ ಹೊಟ್ಟೆಗೆ ಎಡಬಲ ಗೊತ್ತಾಗುತ್ತಂತೆ! ತಲೆಗೇ ಇನ್ನೂ ಗೊತ್ತಾಗಿಲ್ಲ."

ಅಕ್ಕ ನಗಲಿಲ್ಲ. ಬಟ್ಟೆಯನ್ನು ಕುರ್ಚಿಯ ಮೇಲಿಟ್ಟು ಬಂದು, ಅವನೆಳೆದ ಗೆರೆಯ ಮೇಲೆ ಬೆರಳಿಟ್ಟಳು. ಬೆರಳು ಸೇತುವೆಯ ಹತ್ತಿರ ಒಂದು ಗಳಿಗೆ ನಿಂತು, ದಡದ ರಸ್ತೆಗೆ ಹೊರಳಿ, ಪಕ್ಕದ ನೀಲಿಯ ಗುಂಟ ನಿಧಾನವಾಗಿ ಸಾಗಿತು. ಗೇಟು ಮುಟ್ಟಿದ ಮೇಲೆ ಅವಳು ಗಂಡನ ಕಡೆ ತಿರುಗಿದಳು.

"ಚಿಕ್ಕಂದಿನಿಂದ್ಲೂ ಹಾಗೇರೀ ಅವನಿಗೆ," ಅಂದಳು. "ಒಂದ್ಸಲ ಬಸ್ಸಲ್ಲಿ ನನ್ನ ಮಡಿಲ ತುಂಬಾ ವಾಂತಿ ಮಾಡಿದ್ದ. ಬಲ ತಿರುವಲ್ಲೇ. ಹೋಗ್ತಾನೇ ಈ ದಾರಿ ಹಿಡಿಯೋಣ."

ಅವನು ಜನ್ಮದಲ್ಲಿ ಒಮ್ಮೆಯೂ ಬಸ್ಸಿನಲ್ಲಿ ವಾಂತಿ ಮಾಡಿಕೊಂಡವನಲ್ಲ.

"ಅಕ್ಕ ತಮ್ಮ ಒಂದಾದ್ರೆ ನಾನ್ಯಾರು, ಬರೀ ಡ್ರೈವರು," ಎಂದು ಗೊಣಗುತ್ತ ಭಾವ ಟೈರಿನ ಗಾಳಿ ನೋಡಲು ಹೊರಗೆ ಹೋದ.

ಇಬ್ಬರೇ ಉಳಿದರು. ಕಿಟಕಿಯ ಬಿಸಿಲು ನಕ್ಷೆಯ ಮೇಲೆ ಅಲುಗಾಡುತ್ತಿತ್ತು.

"ಇಲ್ಲಿ ನೀರು ತುಂಬಾ ಅಗಲ ಇರಬೇಕು, ಅಲ್ವೇನೋ?"

"ಹ್ಞೂಂ. ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿಸೋಣ."

ಆ ದಾರಿಯನ್ನು ಅವಳಿಗಾಗಿಯೇ ಹುಡುಕಿದ್ದೆಂದು ಅವನು ಅಕ್ಕನಿಗೆ ಎಂದೂ ಹೇಳಲಿಲ್ಲ.