ಚನ್ನಾಜಮ್ಮ ಹುಳದ ಮನೆಗೆ ಮರಳಿದ್ದು

“ಹುಳ ಗೂಡು ಕಟ್ಟೋಗಂಟ ಅವ್ಳು ಹೊನ್ನೂರಲ್ಲಿ ಅವರವ್ವನ ಮನೇಲೇ ಇರ್ಲಿ ಬುಡಿ ನರ್ಸಮ್ಮ. ಇಲ್ಲಿದ್ದು ಏನ್ ಕಡ್ದು ಕಟ್ಟೆ ಆಕ್ತಾಳೆ?”

ಮಾಂಬಳ್ಳಿಯ ಗುರುಬಸಮ್ಮ ಜಗಲಿಯ ಮೇಲೆ ರೇಷ್ಮೆ ಸೊಪ್ಪು ಹೆಚ್ಚುತ್ತಾ ಹೀಗೆಂದರು. ‘ಅವಳು’ ಎಂದರೆ ಅವರ ಸೊಸೆ ಚನ್ನಾಜಮ್ಮ. ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದ ಅವಳ ಕಿವಿಗೂ ಈ ಮಾತು ಬಿತ್ತು.

ಹಿಂದೆಲ್ಲ ಆ ಮನೆಯಲ್ಲಿ ರೇಷ್ಮೆ ಹುಳ ಸಾಕುವುದೆಂದರೆ ಅತ್ತೆ ಬಿಟ್ಟರೆ ಚನ್ನಾಜಮ್ಮನೇ. ಹೋದ ವರ್ಷ ಅವಳಿಗೆ ನಿದ್ದೆ ಹೋಯಿತು, ಊಟ ಸೇರದಾಯಿತು, ತಲೆ ಬಾಚಿಕೊಳ್ಳುವುದಕ್ಕೂ ಕೈ ಏಳದಾಯಿತು. ಸೋಮಾರಿತನ ಅಂದರು, ಗಾಳಿ ಅಂದರು, ತಾಯಿತ ಕಟ್ಟಿಸಿದರು. ‘ನಾನಿದ್ದು ಯಾರಿಗೇನು’ ಎಂದು ಅವಳೊಂದು ದಿನ ಅಂದಾಗ ಗಂಡ ಸದಾಶಿವಪ್ಪ ಹೆದರಿ, ಅಂದೇ ಬಸ್ಸು ಹತ್ತಿಸಿ ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಇದು ಮನಸ್ಸಿಗೆ ಬರುವ ಕಾಯಿಲೆ, ವಾಸಿಯಾಗುತ್ತದೆ, ಆದರೆ ನಿಧಾನ ಎಂದು ಡಾಕ್ಟರು ಮಾತ್ರೆ ಬರೆದುಕೊಟ್ಟರು. ಈಗ ನಿದ್ದೆ ಬರುತ್ತಿತ್ತು. ಒಂದು ಮುದ್ದೆ ಸೇರುತ್ತಿತ್ತು.

ಆದರೂ ಗುರುಬಸಮ್ಮನಿಗೆ ಧೈರ್ಯವಿಲ್ಲ. ಸೊಸೆ ಕೊಡ ಹಿಡಿದರೆ ಕಿತ್ತುಕೊಳ್ಳುವರು, ಪೊರಕೆ ಹಿಡಿದರೆ ‘ಬುಡವ್ವ, ನಿನ್ ಕೈಲಾಗಕಿಲ್ಲ’ ಎನ್ನುವರು. ಮಂಕು ಕವಿದವರ ಕಣ್ಣು ಬಿದ್ದರೆ ಹುಳ ಗೂಡು ಕಟ್ಟುವುದಿಲ್ಲ ಎಂದು ಹೆದರಿ ಹುಳದ ಮನೆಯೊಳಕ್ಕಂತೂ ಬಿಡುತ್ತಲೇ ಇರಲಿಲ್ಲ. ಇಷ್ಟು ಸಾಲದೆಂದು, ರಾತ್ರಿ ನಿದ್ದೆ ಬರುತ್ತಿದೆಯಲ್ಲ, ಇನ್ನು ಮಾತ್ರೆ ಯಾಕೆ ಎಂದು ಬೇರೆ ರಾಗ ತೆಗೆದಿದ್ದರು.

ಯಳಂದೂರಿನಿಂದ ಊರೂರು ತಿರುಗಿ ಬಾಣಂತಿಯರನ್ನು ನೋಡುವ ನರ್ಸು ಚಾಮುಂಡಮ್ಮ ಎಲ್ಲವನ್ನೂ ಕೇಳಿಸಿಕೊಂಡು ನಕ್ಕರು.

“ವಾಸಿಯಾಗವ್ಳೆ, ಮಾತ್ರೆ ಬ್ಯಾಡ ಅಂತೀರಿ. ವಾಸಿಯಾಗಿಲ್ಲ, ಕೆಲ್ಸ ಬ್ಯಾಡ ಅಂತೀರಿ. ಎರಡ್ರಲ್ಲಿ ಯಾವ್ದಾರ ಒಂದ್ ಏಳಿ ಅವ್ವಾ.”

ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ಈಗಿನ ಗೆಲುವು ಮಾತ್ರೆಯ ಆಸರೆಯಿಂದ ಬಂದದ್ದು. ಡಾಕ್ಟರು ಹೇಳದೆ ನಿಲ್ಲಿಸಿದರೆ ಕಾಯಿಲೆ ಮತ್ತೆ ತಿರುಗಿ ಬರಬಹುದು. ಮೊದಲು ನಿದ್ದೆ ಬಂತು, ಊಟ ಸೇರಿತು. ಕೆಲಸದ ಮೇಲಿನ ಆಸೆ ಅದರ ಹಿಂದೆ ಬರುತ್ತದೆ. ಸುಮ್ಮನೆ ಕೂರಿಸಿಯೇ ಇಟ್ಟರೆ, ನಾನು ಯಾರಿಗೂ ಬೇಡವಾದೆ ಎಂಬ ಯೋಚನೆಗೆ ನಾವೇ ನೀರೆರೆದ ಹಾಗೆ.

“ಅಂಗಾರೆ ಸರಿ,” ಎಂದರು ಗುರುಬಸಮ್ಮ. “ನಾಳಿಂದ ನೀರು, ಮುದ್ದೆ, ಸೊಪ್ಪು ಎಲ್ಲಾನೂ ಅವ್ಳೇ ನೋಡ್ಕಳ್ಲಿ.”

ಚಾಮುಂಡಮ್ಮ ಉತ್ತರ ಕೊಡುವ ಮೊದಲು ಅವರ ಕಣ್ಣು ಹುಳದ ಮನೆಯ ಬಾಗಿಲ ಕಡೆ ಹೋಯಿತು. ಬಿದಿರು ತಟ್ಟೆಗಳ ತುಂಬ ಹುಳಗಳು ತಲೆಯೆತ್ತಿಕೊಂಡು ಅಲುಗಾಡದೆ ಕೂತಿದ್ದವು. ಒಂದೂ ಸೊಪ್ಪು ಮುಟ್ಟುತ್ತಿರಲಿಲ್ಲ.

“ಇದ್ಯಾಕವ್ವ ಇಂಗವೆ? ಸತ್ತೋದ್ವಾ?”

“ಬುಡ್ತು ಅನ್ನಿ. ಜ್ವರಕ್ಕೆ ಕೂತವೆ, ಪೊರೆ ಬುಡೋ ಒತ್ತು.”

“ಓ. ಎದ್ದೇಟ್ಗೆ ಮಂಕರಿಗಟ್ಲೆ ಸೊಪ್ಪು ಸುರೀತೀರಾ?”

ಗುರುಬಸಮ್ಮನಿಗೆ ನಗು ಬಂತು. ಈ ವಿದ್ಯೆಯಲ್ಲಿ ಅವರನ್ನು ಮೀರಿಸುವವರು ಆ ಬೀದಿಯಲ್ಲಿರಲಿಲ್ಲ. “ಯಾರಾರ ಸುರೀತಾರಾ ನರ್ಸಮ್ಮ? ಆಗಿನ್ನೂ ಬಾಯಿ ಎಳೇದಿರ್ತದೆ. ಎಳೇ ಸೊಪ್ಪ ಒಸಿ ಒಸಿ ಆಕ್ಬೇಕು. ಆಕ್ದೇ ಬುಟ್ರೂ ಸೊರಗೋಯ್ತವೆ. ಎಲ್ಲಾವೂ ಒಟ್ಗೇ ಏಳಕಿಲ್ಲ, ನಾವೇ ತಾಳ್ಕಂಡು...”

ಮಾತು ಅಲ್ಲಿಗೇ ನಿಂತಿತು. ಅವರು ಕತ್ತಿ ಕೆಳಗಿಟ್ಟು ನಡುಮನೆಯಲ್ಲಿದ್ದ ಸೊಸೆಯ ಕಡೆ ನೋಡಿದರು. ಚಾಮುಂಡಮ್ಮ ತಮಗೆ ಕೊಟ್ಟಿದ್ದ ಮಜ್ಜಿಗೆ ಕುಡಿದು, ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು.

ಹುಳಗಳು ಜ್ವರದಿಂದ ಎದ್ದ ದಿನ ಗುರುಬಸಮ್ಮ ಸೊಸೆಯನ್ನು ಕೂಗಿದರು.

“ಚನ್ನಾಜಿ, ಈ ಒಂದ್ ತಟ್ಟೆಗೆ ನೀನ್ ಸೊಪ್ಪಾಕು. ಸಾಕು ಅನ್ಸಿದ್ರೆ ಬುಟ್ಬುಡು.”

ಚನ್ನಾಜಮ್ಮ ಹೊಸ್ತಿಲಲ್ಲೇ ನಿಂತಳು. “ನನ್ ಕಣ್ ಬಿದ್ರೆ, ಅತ್ತೆಮ್ಮ?”

“ಬೀಳ್ಲಿ ಬಾ. ರೋಗದ ಹುಳ ಆರಿಸಕ್ಕೆ ನನ್ ಕಣ್ ಮಂಜು. ನಿನ್ನದೇ ಬೇಕು.”

ಅವಳು ಒಳಗೆ ಬಂದಳು. ಆ ತಟ್ಟೆ ಮುಗಿಸಿ ಕೈ ತೊಳೆದುಕೊಂಡಾಗ ಬೆವರಿದ್ದಳು, ಆದರೆ ಮಧ್ಯಾಹ್ನ ತಾನಾಗಿಯೇ ತಲೆ ಬಾಚಿಕೊಂಡಳು. ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಏಳುವುದು, ಮುಖ ತೊಳೆದು ತನ್ನ ತಟ್ಟೆ ನೋಡುವುದು, ಸಂಜೆ ಗಂಡನ ಜೊತೆ ತೋಟದ ತನಕ ನಡೆದು ಬರುವುದು, ಉಂಡ ಮೇಲೆ ಮಾತ್ರೆ. ಇಷ್ಟೇ. ಇದು ರೂಢಿಯಾದ ಮೇಲೆ ಇನ್ನೊಂದು ತಟ್ಟೆ.

ನಡುವೆ ಒಂದು ದಿನ ಅವಳು ಹಾಸಿಗೆ ಬಿಟ್ಟು ಏಳಲೇ ಇಲ್ಲ. ಗುರುಬಸಮ್ಮನ ನಾಲಿಗೆ ತುದಿಗೆ ಹಳೆಯ ಮಾತು ಬಂದಿತ್ತು. ನುಂಗಿಕೊಂಡು, ಗಂಜಿ ಕಾಯಿಸಿ ಪಕ್ಕದಲ್ಲಿಟ್ಟು, ಅವಳ ತಟ್ಟೆಗಳಿಗೂ ತಾವೇ ಸೊಪ್ಪು ಹಾಕಿದರು. ಮಾರನೆಯ ದಿನ ಅವಳೇ ಎದ್ದಳು. ಹುಳ ಬಲಿತು ಹಣ್ಣಾದವು, ಗೂಡಿಗೆಂದು ಹೆಣೆದ ಬಿದಿರಿನ ಚಂದ್ರಿಕೆ ಏರಿದವು, ಗೂಡೂ ಕಟ್ಟಿದವು. ಹೊನ್ನೂರಿಗೆ ಕಳಿಸುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಒಂದು ಸಂಜೆ ಪಕ್ಕದ ಮನೆಯ ರಾಮಮ್ಮ ಬಂದು ಜಗಲಿಯ ಮೇಲೆ ಕೂತು, ಒಳಗಿದ್ದ ಚನ್ನಾಜಮ್ಮನಿಗೆ ಕೇಳುವ ಹಾಗೆಯೇ, “ನಿನ್ ಸೊಸೆ ಪೂರ್ತಿ ಉಸಾರಾದ್ಲಾ?” ಎಂದಳು.

“ಆಯ್ತಾವ್ಳೆ ಕಣೆ. ನಿನ್ ಮಂಡಿನೋವು ಒಂದೇ ದಿನಕ್ಕೆ ಓಯ್ತಾ?” ಎಂದರು ಗುರುಬಸಮ್ಮ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇಂಥ ಕಾಯಿಲೆಯಿಂದ ಏಳುತ್ತಿರುವವರು ಇದ್ದಾರು. ಅವರನ್ನು ಮೂಲೆಗೆ ಕೂರಿಸಬೇಡಿ, ಎಲ್ಲ ಹೊರೆಯನ್ನೂ ಒಮ್ಮೆಗೇ ಹೊರಿಸಬೇಡಿ. ಕೈಗೆಟಕುವ ಒಂದು ಕೆಲಸ ಕೊಡಿ, ಆಗದ ದಿನ ಬೈಯದೆ ಬಿಡಿ. ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಸಾಯುವ ಮಾತು ಬಾಯಲ್ಲಿ ಬಂದರೆ ಒಬ್ಬರನ್ನೇ ಬಿಡದೆ, ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ರಾಮಮ್ಮ ತನ್ನ ಮಂಡಿಯ ಕತೆ ಹೇಳುತ್ತಿರುವಾಗಲೇ ಅವಳ ಮೇಕೆ ಸದ್ದಿಲ್ಲದೆ ಬಂದು, ಅಂಗಳದ ಸೊಪ್ಪಿನ ಹೊರೆಗೆ ಬಾಯಿ ಹಾಕಿತು. ಗುರುಬಸಮ್ಮ ಕೋಲಿಗೆ ಕೈಚಾಚಿ ಅರ್ಧ ಎದ್ದಿದ್ದರು. ಅಷ್ಟರಲ್ಲಿ ಒಳಗಿನಿಂದ ಚನ್ನಾಜಮ್ಮ ಸೆರಗು ಸಿಕ್ಕಿಸಿಕೊಂಡು ಹಾರಿ ಬಂದವಳೇ, ಮೇಕೆಯನ್ನೂ ಅದನ್ನು ಸಾಕಿದವರನ್ನೂ ಸೇರಿಸಿ ಬೈಯುತ್ತಾ ಬೀದಿ ಮೂಲೆಯವರೆಗೆ ಅಟ್ಟಿಸಿಕೊಂಡು ಹೋದಳು. ಗುರುಬಸಮ್ಮ ಮೆಲ್ಲಗೆ ಮತ್ತೆ ಕೂತರು.