ಕಿವಿಯ ಕೆಳಗಿನ ಗುಳಿ

ರೈಲಿನ ಕಿಟಕಿ ಗಾಜಿನ ಮೇಲೆ ಯಾವುದೋ ಮಗುವಿನ ಐದು ಬೆರಳು, ಜಿಡ್ಡುಜಿಡ್ಡು, ಅದರಾಚೆ ಲಿಂಡನ್ನಿನ ಎಣ್ಣೆ ಟ್ಯಾಂಕುಗಳು ಹಿಂದಕ್ಕೆ ಓಡುತ್ತಿವೆ, ಕರ್ಚೀಫು ಆಗಲೇ ಕೈಗೆ ಬಂದಿದೆ, ಒರೆಸಿಬಿಡಲೇ — ಸುಮ್ಮನಿರು ನಳಿನಾಕ್ಷಿ, ಇದು ನಿನ್ನ ಅಡುಗೆಮನೆಯಲ್ಲ, ಇವರಿದ್ದಿದ್ದರೆ ನಗುತ್ತಿದ್ದರು, ನಳಿನಿ, ನಿನ್ನ ಬಿಟ್ರೆ ಹಡ್ಸನ್ ನದೀನೂ ತಿಕ್ಕಿ ತೊಳೀತೀಯ, ಇವರು ಹೋಗಿ ಐದು ತಿಂಗಳು, ಜನವರಿಯ ಒಂದು ಬೆಳಿಗ್ಗೆ, ಹಲ್ಲುಜ್ಜುತ್ತಿದ್ದವರು ಹಾಗೇ ಕುಸಿದರು, ಹೃದಯ ಅಂದರು ಡಾಕ್ಟರು, ಈಗ ನನ್ನ ತೊಡೆಯ ಮೇಲೆ ಚೀಲ, ಚೀಲದಲ್ಲಿ ಟವೆಲು ಸುತ್ತಿದ ತಲೆ, ನನ್ನದೇ ತಲೆ, ಇವರು ಮಣ್ಣಿನಲ್ಲಿ ಮಾಡಿದ್ದು ಈಗ ಕಂಚಾಗಿದೆ, ಭಾರಕ್ಕೆ ಮಂಡಿ ಜುಮ್ಮೆನ್ನುತ್ತಿದೆ, ಕಾರ್ಖಾನೆಯಲ್ಲಿ ಸುತ್ತಿಕೊಟ್ಟಿದ್ದು, ನಾನಿನ್ನೂ ನೋಡಿಲ್ಲ, ಎಡಿಸನ್ ಸ್ಟೇಷನ್ ಬರುವವರೆಗೆ ಬಿಚ್ಚಕೂಡದು, ಮನೆಗೆ ಹೋಗಿ, ಕೈಕಾಲು ತೊಳೆದು, ದೀಪ ಹಚ್ಚಿ, ಆಮೇಲೆ.

ಹನ್ನೊಂದು ವರ್ಷ, ಇವತ್ತಿಗೆ ಮುಗಿಯಿತು, ಎಲಿಜಬೆತ್ ಊರಿನ ಆ ಎರಕದ ಕಾರ್ಖಾನೆಯ ಕೆಲಸ, ಶಿಲ್ಪಿಗಳು ಮಣ್ಣಿನಲ್ಲಿ ಮಾಡಿದ್ದಕ್ಕೆ ಅಚ್ಚು, ಅಚ್ಚಿನಿಂದ ಮೇಣದ ಪ್ರತಿ, ಮೇಣ ಕರಗಿಹೋದ ಜಾಗಕ್ಕೆ ಕಂಚು, ನನ್ನ ಪಾಲಿಗೆ ಮೇಣ, ಅಚ್ಚಿನ ಗೆರೆ ಕಂಡರೆ ಹೆರೆ, ಗುಳಿ ಕಂಡರೆ ಗಾಳಿಗುಳ್ಳೆ, ತುಂಬು, ನುಣುಪು ಮಾಡು — ಸೇರಿದ ವಾರವೇ ಯಾರದೋ ತೋಟಕ್ಕೆಂದು ಒಂದು ಫ್ರೆಂಚ್ ಶಿಲ್ಪದ ಪ್ರತಿ ಬಂತು, ಬೆನ್ನ ತುಂಬ ಗುಳಿ, ಅಯ್ಯೋ ಪಾಪ ಎಂದು ಅಷ್ಟನ್ನೂ ತುಂಬಿ ಬಾಳೆದಿಂಡಿನ ಹಾಗೆ ಮಾಡಿಟ್ಟೆ, ಮಾಲೀಕ ತಲೆಯ ಮೇಲೆ ಕೈಹೊತ್ತು ಕೂತ, ಲೇಡಿ, ದೋಸ್ ಆರ್ ಹಿಸ್ ಥಂಬ್ಸ್, ಗುಳಿಯಲ್ಲವಂತೆ, ಶಿಲ್ಪಿಯ ಹೆಬ್ಬೆರಳ ಗುರುತಂತೆ, ಇವರಿಗೆ ಹೇಳಿದರೆ ಮೂರು ದಿನ ನಕ್ಕರು, ಶನಿವಾರ ನ್ಯೂಯಾರ್ಕಿನ ಮ್ಯೂಸಿಯಂಗೆ ಎಳೆದುಕೊಂಡು ಹೋದರು, ನೋಡೇ, ಮೊದಲೆಲ್ಲ ಚಿತ್ರ ಅಂದ್ರೆ ಕುಂಚದ ಗುರುತು ಕಾಣಬಾರದು, ಶಿಲ್ಪ ಅಂದ್ರೆ ಬೆಣ್ಣೆ, ಆಮೇಲೆ ಮಾನೆ ಬಂದ, ಕುಂಚ ಎಳೆದಿದ್ದನ್ನ ಹಾಗೇ ಬಿಟ್ಟ, ರೋಡಿನ್ ಬೆರಳು ಒತ್ತಿದ್ದನ್ನ ಹಾಗೇ ಬಿಟ್ಟ, ಸೆಜಾನ್ ಅಂತೂ ಕ್ಯಾನ್ವಾಸ್ ಬಟ್ಟೇನೇ ಅಲ್ಲಲ್ಲಿ ಖಾಲಿ ಬಿಟ್ಟ, ಮತೀಸ್ ತಪ್ಪಿದ ಗೆರೇನೂ ಪೂರ್ತಿ ಅಳಿಸ್ಲಿಲ್ಲ, ಇಷ್ಟೇ ಕಣೇ ಕಥೆ, ಒರೆಸದೆ ಬಿಟ್ಟವರ ಕಥೆ, ಇಲ್ಲೊಬ್ಬ ಇದ್ದ ಅಂತ ಗೊತ್ತಾಗ್ಬೇಕು — ನಾನು ಕೇಳಿದೆ, ಅವರ ಅಮ್ಮಂದಿರು ಯಾರೂ ಬೈಲಿಲ್ವೇನ್ರೀ, ಗಾರ್ಡು ತಿರುಗಿ ನೋಡುವಷ್ಟು ಜೋರಾಗಿ ನಕ್ಕರು. ಆ ನಗು ನನಗೆ ಇನ್ನೊಂದು ಸಲ ಬೇಕು.

ರಾವೇ ಸ್ಟೇಷನ್, ಬಾಗಿಲು ತೆರೆಯಿತು, ಮುಚ್ಚಿತು, ಟೈ ಕಟ್ಟಿದವನೊಬ್ಬ ರಟ್ಟಿನ ಪೆಟ್ಟಿಗೆ ಹಿಡಿದು ಹತ್ತಿದ, ಪೆಟ್ಟಿಗೆಯಲ್ಲಿ ಫೋಟೋ, ಕಾಫಿ ಲೋಟ, ಇವನ ಕೆಲಸವೂ ಹೋಯಿತು, ಇವರೂ ಅಕ್ಟೋಬರಿನಲ್ಲಿ ಹೀಗೇ ಪೆಟ್ಟಿಗೆ ಹಿಡಿದು ಬಂದರು, ಬ್ಯಾಂಕುಗಳು ಉರುಳಿದ ಮರುವಾರ, ಪ್ರಿನ್ಸ್‌ಟನ್ನಿನ ಔಷಧ ಕಂಪನಿಯಲ್ಲಿ ಮಾತ್ರೆ ಡಬ್ಬಿಗಳಿಗೆ ಚಿತ್ರ ಬರೆಯುವ ಕೆಲಸ, ಹದಿನಾರು ವರ್ಷ, ಎರಡು ದಿನ ಮಲಗಿದ್ದರು, ಮೂರನೆಯ ದಿನ ಗ್ಯಾರೇಜಿನಲ್ಲಿ ಮಣ್ಣು ಕಲಸಿದರು, ಬಾರೇ ಕೂತ್ಕೋ, ಇಪ್ಪತ್ತೆಂಟು ವರ್ಷದಿಂದ ನೋಡ್ತಿದೀನಿ, ಸರಿಯಾಗಿ ನೋಡೇ ಇಲ್ಲ, ನಾನು ಗೊಣಗುತ್ತ ಕೂತೆ, ಕೊನೆಯ ಸಂಜೆಯೂ ಕೂತಿದ್ದೆ, ಎದ್ದು ಹೋಗಿ ಒಳಗಿನಿಂದ ಕೂಗಿದೆ, ಬನ್ರೀ, ಸಾರು ಆರೋಗತ್ತೆ, ಇವರು ಹೊರಟವರು ಮತ್ತೆ ತಿರುಗಿ ಮಣ್ಣಿನ ತಲೆಯ ಎಡಗಿವಿಯ ಕೆಳಗೆ ಹೆಬ್ಬೆರಳು ಒಮ್ಮೆ ಒತ್ತಿದರು, ಬಾಗಿಲಲ್ಲಿ ನಿಂತು ನೋಡಿದೆ, ಚಿಕ್ಕಂದಿನಲ್ಲಿ ಈಳಿಗೆಮಣೆಯಲ್ಲಿ ಕುಯ್ದುಕೊಂಡ ಬೆರಳು, ನಡುವೆ ಅಡ್ಡಗೀರು, ಗೀರಿನ ಸಮೇತ ಮಣ್ಣಿಗಿಳಿಯಿತು, ಮಿಕ್ಕಿದ್ದು ನಾಳೆ ಅಂದರು. ಅವತ್ತು ರಾತ್ರಿಯೇ ಫ್ರಿಜ್ಜಿನ ಹಿಡಿ, ಬಾಗಿಲ ಹಿಡಿ, ಸ್ವಿಚ್ಚು, ಎಲ್ಲ ಕಡೆಯ ಮಣ್ಣಿನ ಗುರುತನ್ನು ಬೈದುಕೊಂಡು ಒರೆಸಿದ್ದೆ, ಮನೆಯಲ್ಲಿ ಇವರದೆಂದು ಉಳಿದ ಬೆರಳು ಅದೊಂದೇ, ಮಣ್ಣು ಬಿರಿಯದಿರಲೆಂದು ಒದ್ದೆ ಬಟ್ಟೆ ಸುತ್ತಿ ದಿನಾ ಬೆಳಿಗ್ಗೆ ನೀರು ಚಿಮುಕಿಸಿದೆ, ಚಿಮುಕಿಸಿ ನನ್ನ ಹೆಬ್ಬೆರಳನ್ನು ಒತ್ತದೆ, ಸುಮ್ಮನೆ, ಆ ಗುಳಿಯಲ್ಲಿಟ್ಟು ನಿಲ್ಲುತ್ತಿದ್ದೆ, ತಣ್ಣಗಿರುತ್ತಿತ್ತು.

ಕೊಳ್ಳುವವರಿಲ್ಲ, ಮುಚ್ತೀನಿ ಅಂದ ಮಾಲೀಕ, ಕೊನೆಯ ಎರಕಕ್ಕೆ ಒಬ್ಬೊಬ್ಬರೂ ನಿಮ್ಮದೊಂದು ತನ್ನಿ ಅಂದ, ಹೊತ್ತುಕೊಂಡು ಹೋದೆ, ಅಚ್ಚು ತೆಗೆದರೆ ಮಣ್ಣು ಉಳಿಯುವುದಿಲ್ಲ, ಪ್ಲಾಸ್ಟರ್ ಅಚ್ಚೂ ಒಂದೇ ಸಲಕ್ಕೆ ಒಡೆದುಹೋಗುತ್ತದೆ, ಗೊತ್ತಿತ್ತು, ಆದರೆ ಕಂಚಿಗೆ ನೀರು ಚಿಮುಕಿಸಬೇಕಾಗಿಲ್ಲ, ನಾನು ಸತ್ತ ಮೇಲೂ ಗುಳಿ ಇರುತ್ತದೆ, ಮೇಣದ ತಲೆಯನ್ನು ಬೇರೆ ಯಾರ ಕೈಗೂ ಕೊಡಲಿಲ್ಲ, ಇವರ ಕೆಲಸ, ಒಂದೂ ಕೊರತೆ ಇರಕೂಡದು, ಪಕ್ಕದ ಮೇಜಿನ ಬೇಬಿ, ಮೂಡುಬಿದಿರೆಯವಳು, ಕೇಳುತ್ತಿದ್ದಳು, ಅಕ್ಕ, ಇನ್ನು ಎಂತ ಮಾಡುವುದು ನೀವು, ಮಗಳ ಮನೆಗೆ ಹೋಗುವುದಾ, ನಾನು ಏನೋ ಹೇಳುತ್ತಿದ್ದೆ, ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು — ಮೆಟ್ರೋಪಾರ್ಕ್, ಇನ್ನೆರಡೇ ಸ್ಟೇಷನ್, ಬಿಚ್ಚುವುದಿಲ್ಲ, ಸುಮ್ಮನೆ ಕೈ ಹಾಕುತ್ತೇನೆ, ಟವೆಲಿನೊಳಗೆ, ಹಣೆ, ಮೂಗು, ನನ್ನ ಮೂಗು ಇಷ್ಟು ದಪ್ಪವೇ, ಎಡಗಿವಿ, ಕಿವಿಯ ಕೆಳಗೆ — ಇನ್ನೂ ಕೆಳಗಿರಬೇಕು, ಕತ್ತು, ಇಲ್ಲ, ಮೇಲೆ, ಇಲ್ಲ, ಬಲಗಿವಿಯೇ ಇದು, ಅಲ್ಲ, ಎಡಗಿವಿಯೇ, ನುಣುಪು, ಬೆಣ್ಣೆಯಂಥ ನುಣುಪು — ಅಕ್ಕ, ಇನ್ನು ಎಂತ ಮಾಡುವುದು ನೀವು, ನೋಡೋಣ ಕಣೇ ಬೇಬಿ ಅಂದೆ, ಅನ್ನುತ್ತ ಬಿಸಿ ಮೇಣ ಒಂದು ತೊಟ್ಟು, ಗುಳಿ ಕಂಡರೆ ಗಾಳಿಗುಳ್ಳೆ, ಅಡ್ಡಗೀರು ಕಂಡರೆ ಅಚ್ಚಿನ ಗೆರೆ, ತುಂಬಿದೆ, ಹೆರೆದೆ, ಬಟ್ಟೆಯಲ್ಲಿ ತೀಡಿದೆ, ನಾನೇ, ಈ ಕೈಯೇ, ಬೇಬಿ ಬಗ್ಗಿ ನೋಡಿ ಅಂದಳು, ನಿಮ್ಮಷ್ಟು ನುಣ್ಣಗೆ ಯಾರೂ ಮಾಡುವುದಿಲ್ಲ ಅಕ್ಕ, ನನಗೆ ಹೆಮ್ಮೆಯಾಯಿತು, ದೇವರೇ, ಹೆಮ್ಮೆಯಾಯಿತು — ಮೆಟಚನ್, ಎಡಿಸನ್, ಬಾಗಿಲು ತೆರೆದಿದೆ, ಏಳಬೇಕು, ರೀ, ನಾನು ಒರೆಸಿಬಿಟ್ಟೆ, ಹೆಬ್ಬೆರಳನ್ನು ಕಿವಿಯ ಕೆಳಗೆ ಇಡುತ್ತೇನೆ, ಜಾರುತ್ತದೆ, ಮತ್ತೆ ಇಡುತ್ತೇನೆ, ಕಿವಿಯ ಕೆಳಗೆ, ಜಾರುತ್ತದೆ, ಕಿವಿಯ ಕೆಳಗೆ