ಊಟ ಬಿಟ್ಟ ದಿನವೂ ಇನ್ಸುಲಿನ್ ಬಿಡಬಾರದು

ಹೇಮಾವತಿಗೆ ಸಾಕಾಗಿ ಹೋಗಿತ್ತು. ಮಗಳು ಭುವನಾಗೆ ಹತ್ತು ವರ್ಷ. ಸಕ್ಕರೆ ಕಾಯಿಲೆ ಬಂದು ಆಗಲೇ ನಾಲ್ಕು ವರ್ಷ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಬೇಕು, ಬೆರಳಿನ ರಕ್ತ ನೋಡಬೇಕು. ಅದರ ಮೇಲೆ ಸಿಂಗಟಗೆರೆಯ ತೋಟಗಳಲ್ಲಿ ತೆಂಗಿನಕಾಯಿ ಸುಲಿಯುವ ಕೂಲಿ. ಗಂಡ ದೇವರಾಜ ಲಾರಿ ಹತ್ತಿ ಹೋದರೆ ವಾರವಾದರೂ ಬರುವುದಿಲ್ಲ.

ಒಂದು ಸೋಮವಾರ ಭುವನಾಗೆ ಜ್ವರ ಬಂತು. ತುತ್ತು ಬಾಯಿಗಿಡಲಿಲ್ಲ. ಹೇಮಾವತಿ ಸೂಜಿ ತೆಗೆದಾಗ ಅತ್ತೆ ಅಂಜಿನಮ್ಮ ಅಡ್ಡ ಬಂದರು.

"ಹೊಟ್ಟೇಲಿ ಏನೂ ಇಲ್ಲ, ಸೂಜಿ ಯಾಕೆ ಚುಚ್ತೀಯೇ? ಸಕ್ಕರೆ ಇಳಿದು ಮಗು ಬಿದ್ದೋದ್ರೆ?"

ಹೇಮಾವತಿಗೂ ಸರಿ ಅನ್ನಿಸಿತು. ನಿಜ ಹೇಳಬೇಕೆಂದರೆ, ಒಂದು ದಿನ ಚುಚ್ಚುವುದು ತಪ್ಪಿದರೆ ಸಾಕು ಅನ್ನಿಸುವಷ್ಟು ದಣಿದಿದ್ದಳು. ಸೂಜಿ ಡಬ್ಬಿಗೆ ಹೋಯಿತು; ಮರುದಿನ ಬೆಳಿಗ್ಗೆಯೂ ಹೊರಗೆ ಬರಲಿಲ್ಲ.

ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಮಗುವಿಗೆ ನಾಲ್ಕು ಸಲ ವಾಂತಿಯಾಗಿತ್ತು. ಹೊಟ್ಟೆನೋವು, ತೀರದ ಬಾಯಾರಿಕೆ, ಓಡಿ ಬಂದವಳಂತೆ ಏದುಸಿರು. ಪಕ್ಕದ ಮನೆಯ ಬಾಣಂತಿಯನ್ನು ನೋಡಲು ಬಂದಿದ್ದ ಆಶಾ ಕಾರ್ಯಕರ್ತೆ ವನಜಾಕ್ಷಿಯನ್ನು ಹೇಮಾವತಿ ಕೂಗಿ ಕರೆದಳು.

ವನಜಾಕ್ಷಿ ಮಗುವಿನ ಮುಖದ ಹತ್ತಿರ ಬಗ್ಗಿದರು. "ಉಸಿರು ಕೊಳೆತ ಹಣ್ಣಿನ ವಾಸನೆ ಬರ್ತೈತೆ. ಇನ್ಸುಲಿನ್ ಹಾಕಿದ್ದು ಯಾವಾಗ?"

"ಭಾನುವಾರ ಕಣಕ್ಕ."

ಬೆರಳು ಚುಚ್ಚಿ ನೋಡಿದರೆ ಮೆಷಿನ್ ಅಂಕಿಯನ್ನೇ ತೋರಿಸಲಿಲ್ಲ. ಸಕ್ಕರೆ ಅಷ್ಟು ಮೇಲೆ ಹೋಗಿತ್ತು. ವನಜಾಕ್ಷಿ ಕೂಡಲೇ 108ಕ್ಕೆ ಫೋನ್ ಮಾಡಿದರು.

ಅಂಜಿನಮ್ಮ ನಂಬಲಿಲ್ಲ. "ಉಣ್ಣದೇ ಸಕ್ಕರೆ ಎಲ್ಲಿಂದ ಬಂತು?"

"ಉಣ್ಣದಿದ್ರೂ ಲಿವರ್ ಸಕ್ಕರೆ ಬಿಡ್ತಾನೇ ಇರ್ತದೆ ಕಣಜ್ಜಿ. ಇನ್ಸುಲಿನ್ ಇಲ್ದೆ ಅದು ಮೈಗೆ ಹತ್ತಲ್ಲ, ರಕ್ತದಲ್ಲೇ ಉಳೀತದೆ. ಮೈಗೆ ಶಕ್ತಿ ಬೇಕಲ್ಲ, ಆಗ ಒಳಗಿನ ಕೊಬ್ಬು ಕರಗ್ತದೆ."

"ಕೊಬ್ಬು ಕರಗಿದ್ರೆ ಒಳ್ಳೇದಲ್ವಾ? ನಾನೂ ಶಿವರಾತ್ರಿ ಉಪವಾಸ ಮಾಡ್ತೀನಿ!"

"ನಿಮಗೂ ಕರಗ್ತದೆ. ಆದ್ರೆ ನಿಮ್ ಮೈಯೊಳಗೆ ಇನ್ಸುಲಿನ್ ಹುಟ್ತದೆ, ಅದು ಲಗಾಮು ಹಿಡಿದಿರ್ತದೆ. ಈ ಮಗೂಗೆ ಅದು ಹುಟ್ಟಲ್ಲ. ನಾವೂ ಹಾಕ್ಲಿಲ್ಲ ಅಂದ್ರೆ ಕೊಬ್ಬು ಮಿತಿಮೀರಿ ಕರಗಿ, ಕೀಟೋನ್ ಅಂತ ಹುಳಿ ಪದಾರ್ಥ ರಕ್ತದಲ್ಲಿ ತುಂಬ್ಕೊಂತದೆ. ಈ ವಾಸನೆ, ವಾಂತಿ, ಏದುಸಿರು ಎಲ್ಲಾ ಅದರದ್ದೇ."

ಅಂಜಿನಮ್ಮ ಮಗುವಿನ ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದರು.

ಕಡೂರಿನ ಆಸ್ಪತ್ರೆ ಸೇರುವಾಗ ಭುವನಾಗೆ ಅಮ್ಮನ ಗುರುತೂ ಸರಿಯಾಗಿ ಸಿಗುತ್ತಿರಲಿಲ್ಲ. ಎರಡು ದಿನ ಡ್ರಿಪ್ಪಿನಲ್ಲಿ ನೀರು, ಇನ್ಸುಲಿನ್ ಹೋದ ಮೇಲೆ ಕಣ್ಣು ಬಿಟ್ಟು, "ಅಮ್ಮಾ, ಹಸಿವು" ಅಂದಳು.

ಹೇಮಾವತಿ ಬಿಕ್ಕಿಬಿಕ್ಕಿ ಅತ್ತಳು. ಅಂಜಿನಮ್ಮ ನರ್ಸ್ ಹತ್ತಿರ ಹೋಗಿ, "ಸೂಜಿ ಹಾಕೋದು ನಂಗೂ ಕಲಿಸ್ರಮ್ಮ. ಇವಳೊಬ್ಬಳೇ ಎಷ್ಟೂಂತ ಮಾಡ್ತಾಳೆ?" ಅಂದರು. ಅವರು ಕಲಿಯುತ್ತಿರುವಾಗಲೇ ಹೇಮಾವತಿ ಗೋಡೆಗೊರಗಿ ನಿದ್ದೆ ಹೋದಳು.

ನಿಮ್ಮ ಮನೆಯಲ್ಲೂ ಇನ್ಸುಲಿನ್ ಮೇಲಿರುವ ಮಗು ಇದೆಯೇ? ಜ್ವರ, ವಾಂತಿ ಬಂದಾಗ ನೀವಾಗಿಯೇ ಅದನ್ನು ನಿಲ್ಲಿಸಬೇಡಿ. ರಕ್ತ ಪರೀಕ್ಷಿಸಿ, ಎಷ್ಟು ಹಾಕಬೇಕೆಂದು ವೈದ್ಯರನ್ನು ಕೇಳಿ. ವಾಂತಿ ನಿಲ್ಲದಿದ್ದರೆ, ಏದುಸಿರು ಅಥವಾ ಉಸಿರಿನಲ್ಲಿ ಹಣ್ಣಿನ ವಾಸನೆ ಬಂದರೆ ತಕ್ಷಣ ಆಸ್ಪತ್ರೆಗೆ ಹೊರಡಿ. ಮನೆಯಲ್ಲಿ ಇಬ್ಬರಾದರೂ ಸೂಜಿ ಹಾಕುವುದನ್ನು ಕಲಿಯಿರಿ. ದಣಿದವರ ಕೈಗೆ ಇನ್ನೊಂದು ಕೈ ಬೇಕು.